ಸೆಕೆಂಡ್ ಹಾಫ್ ಸತ್ಯನಾರಾಯಣರ ರಾಹುಕಾಲ

ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸಿನ ನಮ್ಮ ಬಡಾವಣೆಯಲ್ಲಿ ನನ್ನ ಗಂಡನಿಗೆ ಎರಡು ಹೆಸರು. ಮೇಲ್‌ಬಾಕ್ಸಿನ ಮೇಲಿರುವುದು ಸತ್ಯನಾರಾಯಣ. ಸುತ್ತಲಿನ ಕನ್ನಡದವರ ಬಾಯಲ್ಲಿರುವುದು ಸೆಕೆಂಡ್ ಹಾಫ್ ಅಂಕಲ್. ಈ ಎರಡನೆಯ ಹೆಸರನ್ನು ಯಾರೂ ತನ್ನೆದುರಿಗೆ ಹೇಳುವುದಿಲ್ಲ ಎಂದು ಇವರು ನಂಬಿದ್ದಾರೆ. ಎದುರಿಗೇ ಹೇಳುತ್ತಾರೆ. ಇವರ ಕಿವಿಗೆ ಬೀಳುವುದಿಲ್ಲ ಅಷ್ಟೆ, ಏಕೆಂದರೆ ಆ ಹೊತ್ತಿಗೆ ನಮ್ಮ ಟಿವಿಯಲ್ಲಿ ಯಾವುದಾದರೂ ಬಾಸ್ಕೆಟ್‌ಬಾಲ್ ಪಂದ್ಯದ ಸೆಕೆಂಡ್ ಹಾಫ್ ನಡೆಯುತ್ತಿರುತ್ತದೆ.

ಇವರ ವಿಷಯ ಬರೆಯಲು ನನಗಿಂತ ಅರ್ಹರು ಸಿಗಲಾರರು. ಮೂವತ್ತೆರಡು ವರ್ಷದಿಂದ ಸಹಿಸಿಕೊಂಡಿದ್ದೇನೆ. ಸಹಿಸಿಕೊಂಡಿದ್ದೇನೆ ಎಂದರೆ ಪ್ರೀತಿಯಿಲ್ಲ ಎಂದು ಯಾರೂ ತಿಳಿಯಬೇಡಿ. ಇದೆ. ಆದರೆ ಅದನ್ನು ಇವರಿಗೆ ಹೇಳಿದರೆ ಎಷ್ಟು ಇದೆ, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಅಳೆಯಲು ಕೂರುತ್ತಾರೆ.

ಅಳೆಯುವುದೇ ಇವರ ಕೆಲಸ. ಕಾರುಗಳ ಬ್ರೇಕಿನ ಭಾಗಗಳನ್ನು ಮಾಡುವ ಒಂದು ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಮಿಷನ್ನಿನಿಂದ ಬಂದ ತುಂಡನ್ನು ಕೈಗೆತ್ತಿಕೊಂಡು, ಗೇಜ್ ಹಾಕಿ, ಸರಿಯಿದೆ ಅಥವಾ ಇಲ್ಲ ಎಂದು ಹೇಳಿ ಸಂಬಳ ತೆಗೆದುಕೊಳ್ಳುತ್ತಾರೆ. ಆಫೀಸಿನಲ್ಲಿ ಮುಗಿಯದ ಅಳತೆ ಮನೆಗೆ ಬರುತ್ತದೆ. ಮದುವೆಯಾದ ಐದನೇ ವರ್ಷ ನಾನು ಮಾಡಿದ ಇಡ್ಲಿಗಳನ್ನು ವರ್ನಿಯರ್ ಹಾಕಿ ಅಳೆದು, "ಮಂಜರಿ, ನಿನ್ನ ಇಡ್ಲಿ ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಮಿಲಿಮೀಟರ್ ವ್ಯತ್ಯಾಸ ಇದೆ ಕಣೆ" ಎಂದವರು ಇವರು. ಅವತ್ತೇ ನಾನು ಒಂದು ತೀರ್ಮಾನ ಮಾಡಿದೆ. ಈ ಮನುಷ್ಯ ಎಂದಾದರೂ ಒಂದು ದೊಡ್ಡ ಅಳತೆಯಲ್ಲಿ ಎಡವುತ್ತಾನೆ, ಅದನ್ನು ನಾನು ನೋಡುತ್ತೇನೆ, ನೋಡಿ ಸುಮ್ಮನಿರುತ್ತೇನೆ.

ಪಂದ್ಯದ ಮೊದಲರ್ಧವನ್ನು ಇವರು ನೋಡದಿರುವುದಕ್ಕೂ ಕಾರಣ ಈ ಕೆಲಸವೇ. ಮಿಷನ್ ಶುರುಮಾಡಿದಾಗ ಮೊದಲು ಬರುವ ಹತ್ತಿಪ್ಪತ್ತು ತುಂಡುಗಳನ್ನು ಇವರ ಕಂಪನಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಮಿಷನ್ ಬಿಸಿಯಾಗಬೇಕು, ಆಮೇಲೆ ಬಂದದ್ದೇ ನಿಜವಾದ ಮಾಲು. "ಫಸ್ಟ್ ಹಾಫ್ ಅಂದ್ರೆ ಮಿಷನ್ ಬಿಸಿ ಆಗೋ ಹೊತ್ತು. ಅದನ್ನ ನೋಡಿ ಯಾರಾದ್ರೂ ಬೆಟ್ ಕಟ್ತಾರಾ?" ಎನ್ನುತ್ತಾರೆ. ಹಾಗಾಗಿ ಆಟ ಶುರುವಾದ ಹತ್ತು ಸೆಕೆಂಡ್ ನೋಡಿ ಟಿವಿ ಆರಿಸಿ, ಬಟ್ಟೆ ಮಡಚಿಟ್ಟು, ಡ್ರೈವ್‌ವೇ ಮೇಲಿನ ಹಿಮ ತಳ್ಳಿ, ಸರಿಯಾಗಿ ಹಾಫ್‌ಟೈಮಿಗೆ ಬಂದು ಕೂರುತ್ತಾರೆ. ಈ ವಿಷಯದಲ್ಲಿ ನನಗೆ ದೂರಿಲ್ಲ.

ಬೆಟ್ ಎಂದೆನಲ್ಲ, ಅದು ಫೋನಿನಲ್ಲಿ ದುಡ್ಡು ಹಾಕುವ ಬೆಟ್ ಅಲ್ಲ. ನಮ್ಮ ಮಿಷಿಗನ್ ರಾಜ್ಯದಲ್ಲಿ ಅದಕ್ಕೂ ಅಡ್ಡಿಯಿಲ್ಲ, ಆಫೀಸಿನ ಅರ್ಧ ಹುಡುಗರು ಹಾಫ್‌ಟೈಮಿನಲ್ಲಿ ಫೋನ್ ಒತ್ತುತ್ತಲೇ ಇರುತ್ತಾರೆ. ಇವರಿಗೆ ಅದು ಸೇರದು. "ಸೋತ್ರೆ ಎದುರಿಗೆ ಕೂತು ಹಲ್ಲು ಕಿರಿಯೋಕೆ ಒಬ್ಬ ಮನುಷ್ಯ ಬೇಕು. ಫೋನಿಗೆ ಹಲ್ಲೆಲ್ಲಿದೆ?" ಅಂಥ ಹಲ್ಲುಗಳು ಇವರಿಗೆ ದೊರೆತದ್ದು ಮೂರು ವರ್ಷದ ಹಿಂದೆ, ನಮ್ಮ ಒಬ್ಬಳೇ ಮಗಳು ಗಗನಾ ಶಿಕಾಗೋದ ಹುಡುಗ ಕರಣನನ್ನು ಮದುವೆಯಾದಾಗ. ಕರಣನ ತಂದೆ ಗದಿಗೆಪ್ಪನವರು ಧಾರವಾಡದ ಕಡೆಯವರು, ಈಗ ಶಿಕಾಗೋ ಹತ್ತಿರದ ನೇಪರ್ವಿಲ್‌ನಲ್ಲಿ ಮಗ ಸೊಸೆಯೊಂದಿಗೆ ಇದ್ದಾರೆ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ನಗು. ಮದುವೆಯ ದಿನ ಊಟದ ಹಾಲಿನ ಮೂಲೆಯ ಟಿವಿ ಮುಂದೆ ಈ ಇಬ್ಬರು ಬೀಗರು ಪರಸ್ಪರ ಪತ್ತೆಯಾದರು. ಅಂದಿನಿಂದ ಡೆಟ್ರಾಯಿಟ್‌ಗೂ ಶಿಕಾಗೋಗೂ ಆಟ ಬಿದ್ದಾಗಲೆಲ್ಲ ಹಾಫ್‌ಟೈಮಿಗೆ ಫೋನ್. ಇವರು ಮೊದಲು ಒಂದು ತಂಡ ಹಿಡಿಯುತ್ತಾರೆ, ಉಳಿದದ್ದು ಅವರಿಗೆ. ಉಳಿದ ಅರ್ಧದಲ್ಲಿ ಯಾರು ಹೆಚ್ಚು ಪಾಯಿಂಟ್ ಮಾಡುತ್ತಾರೆ ಎಂಬುದಷ್ಟೇ ಪಂದ್ಯ, ಒಟ್ಟು ಆಟ ಯಾರು ಗೆದ್ದರೂ ಲೆಕ್ಕಕ್ಕಿಲ್ಲ. ಇವರು ಸೋತರೆ ಮುಂದಿನ ಸಲ ಹೋಗುವಾಗ ನಾನು ಮೈಸೂರುಪಾಕು ಮಾಡಬೇಕು. ಅವರು ಸೋತರೆ ಬೀಗಿತ್ತಿ ಅನುಸೂಯಮ್ಮ ಫೇಡೆ ಮಾಡಬೇಕು. ಗಂಡಸರ ಪಂದ್ಯ, ಬಾಣಲೆಯ ಮುಂದೆ ಹೆಂಗಸರು. ಹೋಗಲಿ ಬಿಡಿ.

ಇವರ ಗೆಲ್ಲುವ ವಿಧಾನವನ್ನು ಈಗ ಹೇಳಲೇಬೇಕು. ದಯವಿಟ್ಟು ನಗಬೇಡಿ, ನಾನು ಸಾಕಷ್ಟು ನಕ್ಕಾಗಿದೆ. ಬಾಸ್ಕೆಟ್‌ಬಾಲಿನಲ್ಲಿ ಆಟ ಶುರುವಾಗುವಾಗ ಚೆಂಡನ್ನು ಮೇಲಕ್ಕೆ ಹಾರಿಸುತ್ತಾರೆ. ಆಗ ಯಾರ ಕೈಗೆ ಚೆಂಡು ಸಿಗುವುದಿಲ್ಲವೋ, ಸೆಕೆಂಡ್ ಹಾಫ್ ಶುರುವಾಗುವಾಗ ಅವರಿಗೆ ಚೆಂಡು ಕೊಡುತ್ತಾರೆ. ಇವರು ಆ ಮೊದಲ ಹತ್ತು ಸೆಕೆಂಡ್ ನೋಡುವುದು ಇದಕ್ಕೇ. ಅಂದರೆ ಸೆಕೆಂಡ್ ಹಾಫಿನ ಕಾರ್ಯಾರಂಭ ಮಾಡುವವರು ಯಾರೆಂದು ಮೊದಲೇ ಗೊತ್ತು. ಕಾರ್ಯಾರಂಭ ಎಂದ ಮೇಲೆ ನಮ್ಮವರಿಗೆ ಮುಹೂರ್ತ ಬೇಡವೇ? ಚೆಂಡು ಒಳಗೆ ಬರುವ ಗಳಿಗೆ ರಾಹುಕಾಲದಲ್ಲಿದ್ದರೆ ಆ ತಂಡ ಕೆಟ್ಟಿತು, ಎದುರಾಳಿಯನ್ನು ಹಿಡಿ. ರಾಹುಕಾಲ ಇಲ್ಲದಿದ್ದರೆ ಚೆಂಡು ಯಾರ ಕೈಯಲ್ಲಿದೆಯೋ ಅವರನ್ನೇ ಹಿಡಿ. ಡಿಗ್ರಿ ಓದಿದ, ಮೈಕ್ರಾನ್ ಅಳೆಯುವ ಮನುಷ್ಯನ ವಿಧಾನ ಇದು. ರಾಹುಕಾಲ ಹಗಲಿನಲ್ಲಿ ಮಾತ್ರ ಬರುವುದರಿಂದ ರಾತ್ರಿ ಆಟಗಳಲ್ಲಿ ಇವರು ಸುಮ್ಮನೆ ಡೆಟ್ರಾಯಿಟನ್ನು ಹಿಡಿಯುತ್ತಾರೆ. ಭಾನುವಾರ ಮಧ್ಯಾಹ್ನದ ಆಟಗಳೆಂದರೆ ಹಬ್ಬ, ಏಕೆಂದರೆ ಭಾನುವಾರದ ರಾಹುಕಾಲ ಸೂರ್ಯ ಮುಳುಗುವ ಮುಂಚೆ ಬಂದು ಸರಿಯಾಗಿ ಸೆಕೆಂಡ್ ಹಾಫಿನ ಕುತ್ತಿಗೆಗೆ ಕೂರುತ್ತದೆ.

ಆ ರಾಹುಕಾಲ ನೋಡುತ್ತಿದ್ದದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ. ಭಾರತೀಯ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂದ ದಿನಸಿ ಅಂಗಡಿಯೊಂದು ಪ್ರತಿ ಜನವರಿ ಗಿರಾಕಿಗಳಿಗೆ ಕೊಡುವ ಕ್ಯಾಲೆಂಡರ್ ಅದು. ಗದಿಗೆಪ್ಪನವರು ನಮಗೂ ಒಂದು ತಂದುಕೊಡುತ್ತಾರೆ. ತಿಥಿ, ನಕ್ಷತ್ರ, ಸೂರ್ಯೋದಯ, ಸೂರ್ಯಾಸ್ತ, ರಾಹುಕಾಲ ಎಲ್ಲ ನಿಮಿಷದ ಲೆಕ್ಕದಲ್ಲಿದೆ. ಮತ್ತು ಪ್ರತಿ ಹಾಳೆಯ ತಳದಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ಈ ಸಮಯಗಳೆಲ್ಲ ಶಿಕಾಗೋ ನಗರಕ್ಕೆ ಎಂದಿದೆ.

ನನಗೆ ಇದು ತಿಳಿದದ್ದು ಸಂಡಿಗೆಯಿಂದ. ಎರಡು ವರ್ಷದ ಹಿಂದಿನ ಜುಲೈನಲ್ಲಿ ಹಿತ್ತಲಿನ ಮರದ ಡೆಕ್ ಮೇಲೆ ಸಂಡಿಗೆ ಹಾಕಿದ್ದೆ. ಕ್ಯಾಲೆಂಡರಿನ ಪ್ರಕಾರ ಸೂರ್ಯ ಮುಳುಗಿದ ಮೇಲೂ ನನ್ನ ಸಂಡಿಗೆಯ ಮೇಲೆ ಬಿಸಿಲು ಕೂತಿತ್ತು. ಒಂದು ದಿನವಲ್ಲ, ವಾರವಿಡೀ, ನಲವತ್ತು ನಿಮಿಷದಷ್ಟು. ಕನ್ನಡಕ ಹಾಕಿಕೊಂಡು ತಳದ ಅಕ್ಷರ ಓದಿದೆ. ಶಿಕಾಗೋ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ, ಸೂರ್ಯ ಅಲ್ಲಿಗೆ ಹೋಗುವುದು ನಮ್ಮನ್ನು ದಾಟಿಕೊಂಡು. ಎರಡೂ ಸೇರಿ ಲೆಕ್ಕ ನಲವತ್ತು ನಿಮಿಷಕ್ಕೆ ಬಂದು ನಿಲ್ಲುತ್ತದೆ. ಜಗತ್ತಿನ ಬ್ರೇಕುಗಳನ್ನೆಲ್ಲ ಪರೀಕ್ಷೆ ಮಾಡುವ ಈ ಮಹಾಶಯರು ಊರು ಬಿಟ್ಟು ಊರಿನ ರಾಹುಕಾಲ ಹಿಡಿದು ಪಂದ್ಯ ಕಟ್ಟುತ್ತಿದ್ದರು! ಅವತ್ತು ನಾನು ಒಬ್ಬಳೇ ಡೆಕ್ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೇಳಲಿಲ್ಲ. ನಾಲ್ಕು ಮಿಲಿಮೀಟರ್ ಇಡ್ಲಿಯ ನೆನಪು ಇನ್ನೂ ಹಸಿಯಾಗಿತ್ತು.

ಹೇಳದೆ ಉಳಿಸಿಕೊಂಡ ಆ ಗುಟ್ಟು ಹೋದ ಫೆಬ್ರವರಿಯಲ್ಲಿ ನನ್ನ ಕೊರಳಿಗೇ ಬಂತು.

ಗಗನಾ ಏಳು ತಿಂಗಳ ಬಸುರಿ. ಏಪ್ರಿಲ್‌ನಲ್ಲಿ ಹೆರಿಗೆ. ಹೆರಿಗೆ ಶಿಕಾಗೋದಲ್ಲೇ ಎಂಬುದಕ್ಕೆ ಯಾರ ತಕರಾರೂ ಇರಲಿಲ್ಲ, ಅವಳ ಡಾಕ್ಟರೂ ಇನ್ಶೂರೆನ್ಸೂ ಅಲ್ಲಿವೆ. ಪ್ರಶ್ನೆ ಇದ್ದದ್ದು ಆಮೇಲಿನ ಮೂರು ತಿಂಗಳ ಬಾಣಂತನದ್ದು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ, ಅವರ ಕಡೆಯದ್ದೂ ಹೌದು. ಆದರೆ ಮೊಮ್ಮಗುವನ್ನು ಮೂರು ತಿಂಗಳು ಮುನ್ನೂರು ಮೈಲಿ ದೂರ ಕಳಿಸಲು ಗದಿಗೆಪ್ಪನವರಿಗೆ ಜೀವ ಒಪ್ಪುತ್ತಿರಲಿಲ್ಲ. "ಕೂಸಿನ ಡಾಕ್ಟರ್ ಇಲ್ಲೇ ಅದಾರ್ರೀ, ಕರಣನ ಕೆಲಸ ಇಲ್ಲೇ ಐತಿ. ನೀವಾ ಬರ್ರಿ, ನಮ್ಮ ಮನಿ ನಿಮ್ದಲ್ಲೇನು?" ಎನ್ನುತ್ತಿದ್ದರು. ಅವರು ಹೇಳುವುದೂ ಸುಳ್ಳಲ್ಲ. ಬೀಗರ ಜೊತೆ ಜಗಳ ಆಡುವಂತಿಲ್ಲ. ಹದಿನೈದು ದಿನ ಇಬ್ಬರೂ ಫೋನಿನಲ್ಲಿ "ನೀವು ಹೇಳಿದ ಹಾಗೆ", "ಇಲ್ರೀ, ನೀವು ಹೇಳಿದಂಗ" ಎಂದು ಬೆಣ್ಣೆ ಹಚ್ಚುತ್ತ, ಒಬ್ಬರೂ ಒಂದಿಂಚು ಸರಿಯಲಿಲ್ಲ.

ಇವರು ಸರಿಯದಿರಲು ಕಾರಣವಿತ್ತು. ಗಗನಾ ಹುಟ್ಟಿದಾಗ ನಾವು ಈ ದೇಶಕ್ಕೆ ಬಂದು ಎಂಟು ತಿಂಗಳಾಗಿತ್ತು. ನನ್ನ ಅಮ್ಮನಿಗೆ ವೀಸಾ ಸಿಗಲಿಲ್ಲ, ಅತ್ತೆಗೂ ಸಿಗಲಿಲ್ಲ. ಇವರು ಕೆಲಸ ಹೋದೀತೆಂಬ ಭಯಕ್ಕೆ ಡಬಲ್ ಶಿಫ್ಟ್ ಮಾಡುತ್ತಿದ್ದರು. ಅಪಾರ್ಟ್‌ಮೆಂಟಿನ ಟಬ್ಬಿನ ಅಂಚು ಹಿಡಿದುಕೊಂಡು ನನಗೆ ನಾನೇ ನೀರು ಹೊಯ್ದುಕೊಂಡ ಬಾಣಂತಿ ನಾನು. ಒಂದು ಸಲ ಜಾರಿ ಬಿದ್ದೆ ಕೂಡ. ಇವರು ಬಂದಾಗ ನಾನು ನೆಲದ ಮೇಲೆ ಕೂತು ಅಳುತ್ತಿದ್ದೆ, ಮಗು ತೊಟ್ಟಿಲಲ್ಲಿ ಅಳುತ್ತಿತ್ತು. ಅದರ ಬಗ್ಗೆ ಇವರು ಇಷ್ಟು ವರ್ಷದಲ್ಲಿ ಒಂದು ಮಾತೂ ಆಡಿಲ್ಲ. ಆದರೆ ಗಗನಾ ಬಸುರಿಯೆಂದು ತಿಳಿದ ವಾರವೇ ಬೇಸ್‌ಮೆಂಟಿನ ಬಾತ್‌ರೂಮಿನಲ್ಲಿ ಟಬ್ ಕೀಳಿಸಿ, ಹಳೆಯ ಬಚ್ಚಲಿನ ಹಾಗೆ ನೆಲ ಮಾಡಿಸಿದರು. ಕಂಪನಿಗೆ ಮಿಷನ್ ಬಂದ ಪೆಟ್ಟಿಗೆಯ ಓಕ್ ಹಲಗೆ ತಂದು, ಬಾಣಂತಿ ಕೂತು ಎಣ್ಣೆನೀರು ಹಾಕಿಸಿಕೊಳ್ಳಲು ಒಂದು ಕಾಲುಮಣೆ ಮಾಡಿದರು. ಆರು ವಾರ ಉಜ್ಜಿದರು. ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು ಅದು.

ಒಂದು ಶುಕ್ರವಾರ ಸ್ಪೀಕರ್ ಫೋನಿನಲ್ಲಿ ಗದಿಗೆಪ್ಪನವರ ದನಿ ಕೇಳಿತು. "ಹಂಗಾದ್ರ ಮುಗೀತಲ್ರೀ ಬೀಗರ. ಐತವಾರದ ಸೆಕೆಂಡ್ ಹಾಫ್. ಗೆದ್ದವರ ಮನ್ಯಾಗ ಬಾಣಂತನ."

"ಆಯ್ತು ಬೀಗರೇ. ಮಾತು ಮಾತೇ," ಎಂದರು ಇವರು.

ನಾನು ಸಾರಿನ ಸೌಟು ಕೈಯಲ್ಲಿ ಹಿಡಿದೇ ಬಂದೆ. "ರೀ, ನಿಮಗೆ ತಲೆ ಸರಿ ಇದೆಯಾ? ಇಷ್ಟು ದಿನ ಮೈಸೂರುಪಾಕು ಕಟ್ಟಿದ್ರಿ, ಈಗ ಮಗಳನ್ನ ಕಟ್ತೀರಾ?"

"ಜಗಳ ಆಗೋದಕ್ಕಿಂತ ಇದು ಒಳ್ಳೇದಲ್ವಾ? ಯಾರಿಗೂ ಮುಖಭಂಗ ಇಲ್ಲ. ಭಾನುವಾರ ಮೂರು ಗಂಟೆ ಆಟ. ನನ್ನ ವಿಧಾನ ಭಾನುವಾರ ತಪ್ಪೋದೇ ಇಲ್ಲ."

"ಗಗನಾನ ಕೇಳಿದ್ರಾ?"

ಕೇಳಿರಲಿಲ್ಲ. ಕೇಳಿದರೆ ಶಿಕಾಗೋ ಎಂದುಬಿಡುತ್ತಾಳೋ ಎಂಬ ಭಯ. ನಾನಾದರೂ ಫೋನ್ ಮಾಡಿ ಕೇಳಬಹುದಿತ್ತು. ನನಗೂ ಅದೇ ಭಯ. ಗಂಡನನ್ನು ಬೈದು, ನಾನೂ ಸುಮ್ಮನಿದ್ದೆ.

ಭಾನುವಾರ ಬಂತು. ಡೆಟ್ರಾಯಿಟ್‌ನಲ್ಲೇ ಆಟ. ಶುರುವಿಗೆ ಹಾರಿಸಿದ ಚೆಂಡು ಶಿಕಾಗೋದ ಪಾಲಾಯಿತು. ಅಂದರೆ ಸೆಕೆಂಡ್ ಹಾಫಿಗೆ ಚೆಂಡು ಡೆಟ್ರಾಯಿಟ್‌ಗೆ. ಇವರು ಟಿವಿ ಆರಿಸಿ ಹಿಮ ತಳ್ಳಲು ಹೋದರು. ಹಾಫ್‌ಟೈಮಿಗೆ ಬಂದಾಗ ಡೆಟ್ರಾಯಿಟ್ ಐವತ್ತನಾಲ್ಕು, ಶಿಕಾಗೋ ಐವತ್ತೊಂದು. ಸೆಕೆಂಡ್ ಹಾಫ್ ನಾಲ್ಕೂ ಇಪ್ಪತ್ತಕ್ಕೆ ಶುರುವಾಗುವ ಅಂದಾಜು. ಇವರು ಕ್ಯಾಲೆಂಡರಿನ ಮುಂದೆ ನಿಂತರು. ರಾಹುಕಾಲ ಮೂರೂ ಐವತ್ತಾರರಿಂದ ಐದೂ ಹದಿಮೂರು.

ಇವರ ಮುಖ ಹುಳ್ಳಗಾಯಿತು. "ಡೆಟ್ರಾಯಿಟ್ ರಾಹುಕಾಲದಲ್ಲಿ ಶುರು ಮಾಡ್ತಾ ಇದೆ ಮಂಜರಿ. ನಾನು ಶಿಕಾಗೋ ಹಿಡೀಬೇಕು."

ನಿಜವಾದ ಡೆಟ್ರಾಯಿಟ್ ರಾಹುಕಾಲ ಶುರುವಾಗುವುದು ನಾಲ್ಕೂವರೆಯ ಮೇಲೆ. ಚೆಂಡು ಅದಕ್ಕೆ ಮುಂಚೆಯೇ ಒಳಗೆ ಬರುತ್ತದೆ. ಇವರದೇ ವಿಧಾನದ ಪ್ರಕಾರ ಡೆಟ್ರಾಯಿಟ್ ಹಿಡಿಯಬೇಕು. ಈ ರಾಹುಕಾಲದಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೂ ಮಗಳ ವಿಷಯ. ಬಾಯಿ ತೆರೆದೆ. "ರೀ, ಆ ಕ್ಯಾಲೆಂಡರ್—"

"ಸುಮ್ನಿರು ಕಣೆ, ಲೆಕ್ಕ ತಪ್ಪುತ್ತೆ. ನಿಂಗೆ ಇದೆಲ್ಲ ಅರ್ಥ ಆಗಲ್ಲ."

ನಿಂಗೆ ಇದೆಲ್ಲ ಅರ್ಥ ಆಗಲ್ಲ! ತೆರೆದ ಬಾಯಿ ಅಲ್ಲೇ ಮುಚ್ಚಿಕೊಂಡಿತು. ಹಾಳಾಗಿ ಹೋಗಿ ಎಂದುಕೊಂಡು ಬಟಾಣಿ ಬಿಡಿಸಲು ಕೂತೆ.

ಫೋನಿನಲ್ಲಿ ಗದಿಗೆಪ್ಪನವರಿಗೆ ನಂಬಲಾಗಲಿಲ್ಲ. "ಅಲ್ರೀ ಬೀಗರ, ನಿಮ್ಮ ಡೆಟ್ರಾಯಿಟ್ ಬಿಟ್ಟು ನಮ್ಮ ಶಿಕಾಗೋ ಹಿಡಿಯಾಕತ್ತೀರಿ? ಆರಾಮ ಅದೀರಿಲ್ಲೋ?"

"ಮನಸ್ಸು ಬೇರೆ, ವಿಧಾನ ಬೇರೆ ಬೀಗರೇ. ನಂದು ಶಿಕಾಗೋ."

"ಹಂಗಾದ್ರ ನಾ ಡೆಟ್ರಾಯಿಟ್ ಹಿಡೀಬೇಕಾತು. ನಮ್ಮ ಓಣ್ಯಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ."

ಆಮೇಲಿನ ದೃಶ್ಯವನ್ನು ನೀವು ನೋಡಬೇಕಿತ್ತು. ಇವರು ಮೈಮೇಲಿದ್ದ ಡೆಟ್ರಾಯಿಟ್ ಸ್ವೆಟ್‌ಶರ್ಟನ್ನು ಕಳಚಿ, ತಾವು ಮಾಡುವುದು ಅದಕ್ಕೆ ಕಾಣದಿರಲೆಂದು ಮಡಚಿ ಸೋಫಾದ ದಿಂಬಿನ ಕೆಳಗಿಟ್ಟು, ಫೆಬ್ರವರಿಯ ಹೆಪ್ಪುಗಟ್ಟುವ ಚಳಿಯಲ್ಲಿ ಬನಿಯನ್ನಿನಲ್ಲಿ ಕೂತರು. ಇಪ್ಪತ್ತೆಂಟು ವರ್ಷ ಡೆಟ್ರಾಯಿಟ್ ಉಪ್ಪು ತಿಂದ ಮನುಷ್ಯ ಶಿಕಾಗೋ ಹುಡುಗರು ಚೆಂಡು ಹಾಕಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅತ್ತ ಶಿಕಾಗೋ ಭಕ್ತ ಗದಿಗೆಪ್ಪನವರು ಸ್ಪೀಕರ್ ಫೋನಿನಲ್ಲಿ ಡೆಟ್ರಾಯಿಟ್ ಆಟಗಾರರಿಗೆ "ಹೊಡಿ ಮಗನ, ಹೊಡಿ" ಎಂದು ಕೂಗುತ್ತಿದ್ದರು. ಇಬ್ಬರೂ ತಮ್ಮ ತಮ್ಮ ಊರಿಗೆ ಶಾಪ ಹಾಕುತ್ತ ಒಂದು ಗಂಟೆ ಕಳೆದರು.

ಆಟ ಮುಗಿಯುವಾಗ ನೂರ ಏಳಕ್ಕೆ ನೂರ ಏಳು. ಸಮ. ಸೆಕೆಂಡ್ ಹಾಫ್ ಮಾತ್ರ ಎಣಿಸಿದರೆ ಶಿಕಾಗೋ ಮೂರು ಪಾಯಿಂಟ್ ಮೇಲೆ. ಇವರು ಸೋಫಾದಿಂದ ಹಾರಿದರು. "ಗೆದ್ದೆ! ಮಂಜರಿ, ಪುಟ್ಟಿ ಮನೆಗೆ ಬರ್ತಾಳೆ!"

ಬಟಾಣಿ ಬಟ್ಟಲು ಪಕ್ಕಕ್ಕಿಟ್ಟು ನಾನೂ ಎದ್ದೆ. ನಿಜ ಹೇಳುತ್ತೇನೆ, ಕಣ್ಣು ಒದ್ದೆಯಾಗಿತ್ತು.

"ತಡೀರಿ ಬೀಗರ," ಎಂದಿತು ಫೋನು. "ಆಟ ಸಮ ಆಗೇತಿ. ಓವರ್‌ಟೈಮ್ ಐತಿ. ಓವರ್‌ಟೈಮ್ ಸೆಕೆಂಡ್ ಹಾಫಿಗೇ ಸೇರ್ತೈತಿ. ಹೋದ ವರ್ಷ ನೀವಾ ಹಂಗ ಅಂದು ನಮ್ಮ ಕಡಿಂದ ಎರಡು ಕಿಲೋ ಫೇಡೆ ತಿಂದೀರಿ."

ತಿಂದಿದ್ದರು. ಅದರಲ್ಲಿ ಅರ್ಧ ಕಿಲೋ ನಾನೂ ತಿಂದಿದ್ದೆ. ಓವರ್‌ಟೈಮಿನ ಐದು ನಿಮಿಷದಲ್ಲಿ ಡೆಟ್ರಾಯಿಟ್ ಹದಿಮೂರು ಹೊಡೆಯಿತು, ಶಿಕಾಗೋ ಎಂಟು. ಎಲ್ಲ ಕೂಡಿದರೆ ಡೆಟ್ರಾಯಿಟ್‌ಗೆ ಎರಡು ಪಾಯಿಂಟ್ ಹೆಚ್ಚು. ಇವರ ಊರು ಗೆದ್ದಿತು, ಇವರು ಸೋತರು. ಅತ್ತ ಗದಿಗೆಪ್ಪನವರೂ ಕುಣಿಯಲಿಲ್ಲ. "ಇರ್ಲಿ ಬಿಡ್ರಿ ಬೀಗರ, ನೀವು ಬಂದು ಇರ್ರಿ" ಎಂದು ಮೆಲ್ಲಗೆ ಫೋನಿಟ್ಟರು.

ಇವರು ಬನಿಯನ್ನಿನಲ್ಲೇ ಬೇಸ್‌ಮೆಂಟಿಗೆ ಇಳಿದು ಹೋದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಆ ಕಾಲುಮಣೆಯ ಮೇಲೆ ಕೂತಿದ್ದರು. ಒಂದು ಮಾತು ಹೇಳಿದ್ದರೆ ಡೆಟ್ರಾಯಿಟ್ ಹಿಡಿಯುತ್ತಿದ್ದರು. ಯಾವ ಹಾಳು ಇಡ್ಲಿಯ ಸೇಡು ಇದು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಈಗ ಹೇಳಿದರೆ ಇನ್ನೂ ನೋವು ಎಂದು ಆಗಲೂ ಹೇಳಲಿಲ್ಲ.

ಮಾತಿಗೆ ತಪ್ಪುವವರಲ್ಲ ಇವರು. ಮುಂದಿನ ಭಾನುವಾರ ಕಾಲುಮಣೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಅಂಟಿನುಂಡೆಗೆ ಬೇಕಾದ ಸಾಮಾನು ಕಟ್ಟಿಕೊಂಡು ಎಲ್ಲವನ್ನೂ ಮೊದಲೇ ಒಪ್ಪಿಸಿ ಬರಲು ನೇಪರ್ವಿಲ್‌ಗೆ ಹೊರಟೆವು. ಮುನ್ನೂರು ಮೈಲಿಯಲ್ಲಿ ಇವರು ಆಡಿದ್ದು ಮೂರು ಮಾತು, ಮೂರೂ ಎಕ್ಸಿಟ್ ನಂಬರು.

ಬೀಗರ ಬಾಗಿಲಲ್ಲಿ ಅನುಸೂಯಮ್ಮ ನಿಂತಿದ್ದರು. "ಲಗೂನ ಒಳಗ ತಗೊಂಡ್ ಬರ್ರಿ ಅಣ್ಣಾರ, ನಾಕಕ್ಕ ರಾಹುಕಾಲ ಹತ್ತತೈತಿ."

ಇವರು ಹೊಸ್ತಿಲಲ್ಲಿ ನಿಂತುಬಿಟ್ಟರು. ಕೈಗಡಿಯಾರ ನೋಡಿದರು. "ಆಗಲೇ ನಾಲ್ಕೂ ನಲವತ್ತು. ರಾಹುಕಾಲ ಶುರುವಾಗಿ ಹೋಯ್ತಲ್ಲ. ಈಗ ಒಳಗೆ ತರಬಾರದು."

"ಮೂರೂ ನಲವತ್ತು ಆಗೇತ್ರಿ," ಎಂದು ಅನುಸೂಯಮ್ಮ ಗೋಡೆಯ ಗಡಿಯಾರ ತೋರಿಸಿದರು. ಅದರ ಪಕ್ಕದಲ್ಲೇ, ನಮ್ಮ ಅಡುಗೆಮನೆಯಲ್ಲಿರುವ ಅದೇ ಕ್ಯಾಲೆಂಡರ್.

ಇವರು ಕೈಗಡಿಯಾರವನ್ನು ನೋಡಿದರು. ಗೋಡೆಯ ಗಡಿಯಾರವನ್ನು ನೋಡಿದರು. ಕ್ಯಾಲೆಂಡರನ್ನು ನೋಡಿದರು. ನಾನು ಮೆಲ್ಲಗೆ ಅಂಟಿನ ಡಬ್ಬಿ ಹಿಡಿದು ಅಡುಗೆಮನೆಯ ಕಡೆ ಸರಿಯತೊಡಗಿದೆ. ಮಣೆಯನ್ನು ಕೆಳಗಿಟ್ಟು, ಬೂಟುಗಾಲಿನಲ್ಲೇ ಒಳಗೆ ನುಗ್ಗಿ, ಕನ್ನಡಕ ಹಣೆಗೇರಿಸಿ ಆ ಸಾಸಿವೆ ಅಕ್ಷರಗಳನ್ನು ಓದಿದರು. ತಿರುಗಿದಾಗ ಮುಖ ನೋಡುವಂತಿರಲಿಲ್ಲ.

"ಮಂಜರಿ. ನಿಂಗೆ ಇದು ಗೊತ್ತಿತ್ತಾ?"

"ಎರಡು ವರ್ಷದಿಂದ. ಸಂಡಿಗೆ ಒಣಗಿಸುವಾಗ ಗೊತ್ತಾಯ್ತು. ಹೋದ ವಾರ ಹೇಳೋಕೆ ಬಂದೆ, ಸುಮ್ನಿರು ಅಂದ್ರಿ."

ಒಂದು ಕ್ಷಣ ಬೈಯುತ್ತಾರೆ ಎಂದುಕೊಂಡೆ. ಇವರು ಗದಿಗೆಪ್ಪನವರ ಕಡೆ ತಿರುಗಿದರು. "ಬೀಗರೇ, ಪಂದ್ಯ ರದ್ದು. ತಪ್ಪು ಗೇಜ್‌ನಲ್ಲಿ ಅಳೆದ ಮಾಲು ವಾಪಸ್ ತಗೋಬೇಕು. ಅದು ಎಲ್ಲಾ ಕಂಪನೀಲೂ ಇರೋ ನಿಯಮ."

"ಗೇಜ್ ನಿಮ್ದು, ಅಳದವರೂ ನೀವು! ಶಿಕಾಗೋ ಅಂತ ಬರದೈತಿ ಅದರಾಗ. ಓದಲಿಲ್ಲಂದ್ರ ನಾ ಏನ್ ಮಾಡ್ಲಿ?"

"ಕೊಟ್ಟವರು ನೀವು!"

"ಪುಕ್ಕಟ ಕೊಟ್ಟೇನ್ರಿ!"

ಮೂರು ವರ್ಷದಲ್ಲಿ ಮೊದಲ ಸಲ ಬೀಗರು ದನಿ ಏರಿಸಿದ್ದರು. ಮಹಡಿಯ ಮೆಟ್ಟಿಲಲ್ಲಿ ಗಗನಾ ಕಾಣಿಸಿಕೊಂಡಳು, ಒಂದು ಕೈ ಸೊಂಟದ ಮೇಲೆ, ಹಿಂದೆ ಅಳಿಯ ಕರಣ್. "ಅಪ್ಪ? ವಾಟ್ ಪಂದ್ಯ?"

ಇಬ್ಬರು ಬೀಗರೂ ಕ್ಯಾಲೆಂಡರ್ ನೋಡತೊಡಗಿದರು. ಅವಳು ಗಂಡನ ಕಡೆ ನೋಡಿದಳು. ಅವನು ಎರಡೂ ಕೈ ಎತ್ತಿ, "ಡೋಂಟ್ ಲುಕ್ ಅಟ್ ಮೀ" ಎಂದ. ಕೊನೆಗೆ ನಾನೇ ಹೇಳಿದೆ. ಬಾಣಂತನ, ಸೆಕೆಂಡ್ ಹಾಫ್, ರಾಹುಕಾಲ, ಓವರ್‌ಟೈಮ್, ಎಲ್ಲ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು.

"ಯೂ ಬೆಟ್ ಆನ್ ಮೀ," ಎಂದಳು ಗಗನಾ. ಆಮೇಲೆ ಕನ್ನಡಕ್ಕೆ ಬಂದಳು, ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವಳಿಗೆ ಕನ್ನಡ ಬರುವುದು. "ಇಬ್ಬರೂ ಕೂತು ಬೆಟ್ ಕಟ್ಟಿದ್ರಿ. ಅಮ್ಮಂಗೂ ಗೊತ್ತಿತ್ತು. ನನ್ನ ಯಾರಾದ್ರೂ ಕೇಳಿದ್ರಾ? ಒಬ್ಬರಾದ್ರೂ?"

ಕಾಲು ನೋಯುತ್ತಿತ್ತೋ ಏನೋ, ಕೂರಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿ, ಬಾಗಿಲ ಬಳಿ ಬೆಡ್‌ಶೀಟಿನೊಳಗಿದ್ದುದರ ಮೇಲೆ ಕೂತಳು. ಅದು ಟಕ್ ಎಂದು ಪಕ್ಕಕ್ಕೆ ವಾಲಿತು. ಇಬ್ಬರೂ ಬೀಗರು ಒಟ್ಟಿಗೆ ಹಾರಿ ಒಬ್ಬೊಬ್ಬರು ಒಂದೊಂದು ಕೈ ಹಿಡಿದರು. ಅವಳು ಬೆಡ್‌ಶೀಟ್ ಸರಿಸಿ, ಮಣೆಯನ್ನು ಕೈಯಲ್ಲಿ ಒತ್ತಿ ನೋಡಿದಳು. ಟಕ್, ಟಕ್.

"ಇನ್‌ಸ್ಪೆಕ್ಟರ್ ಸಾಹೇಬ್ರ, ನಾಕೂ ಕಾಲು ಒಂದಾ ಇಲ್ಲಲ್ರೀ?" ಎಂದರು ಗದಿಗೆಪ್ಪನವರು. ಕಾಲೆಳೆಯಲು ಅಲ್ಲ, ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಇವರು ನೆಲ ನೋಡುತ್ತ ಹೇಳಿದರು. "ಅದು ಈ ನೆಲಕ್ಕೆ ಮಾಡಿದ್ದಲ್ಲ ಪುಟ್ಟಿ. ನಮ್ಮ ಬೇಸ್‌ಮೆಂಟ್ ಬಾತ್‌ರೂಮಲ್ಲಿ ನೀರು ಹೋಗೋ ಮೂಲೆ ಕಡೆ ಮಾತ್ರ ನೆಲ ಇಳಿಜಾರು. ಅದಕ್ಕೆ ಆ ಮೂಲೆಗೆ ಬರೋ ಒಂದು ಕಾಲು ಮೂರು ಬೈ ಎಂಟು ಇಂಚು ಉದ್ದ ಇಟ್ಟೆ. ಅಲ್ಲಿ ಕೂತ್ರೆ ಅಲ್ಲಾಡಲ್ಲ."

ಗಗನಾ ಮಣೆಯ ಮೇಲೆ ಕೈಯಾಡಿಸಿದಳು. ಸಿಟ್ಟು ಇಳಿಯದಂತೆ ಮುಖ ಬಿಗಿಹಿಡಿಯಲು ನೋಡಿದಳು, ಆಗಲಿಲ್ಲ. "ಅಪ್ಪ, ನಿಮಗೆ ಏನು ಬೇಕು? ರಾಹುಕಾಲ ಬೇಡ, ವಿಧಾನ ಬೇಡ. ನಿಮಗೆ ಏನು ಬೇಕು ಹೇಳಿ."

ಮೂವತ್ತೆರಡು ವರ್ಷದಲ್ಲಿ ಇವರಿಗೆ ಏನು ಬೇಕೆಂದು ನೇರವಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಬೀಗರ ಮನೆಯ ಹೊಸ್ತಿಲ ಬಳಿ ಬೂಟು ಹಾಕಿಕೊಂಡು ನಿಂತು ಹೇಳಿದರು. "ನೀನು ಮನೆಗೆ ಬರಬೇಕು. ನೀನು ಹುಟ್ಟಿದಾಗ ನಾನು ಶಿಫ್ಟ್‌ನಲ್ಲಿದ್ದೆ. ನಿಮ್ಮಮ್ಮ ಒಬ್ಬಳೇ ಬಾತ್‌ರೂಮಲ್ಲಿ ಬಿದ್ದಿದ್ಲು. ನೀನು ಬಾ. ನಾನು ರಜೆ ಹಾಕ್ತೀನಿ."

ನಾನು ಅಂಟಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದೆ. ಈ ಮನುಷ್ಯ ಅದನ್ನು ಇಪ್ಪತ್ತೊಂಬತ್ತು ವರ್ಷ ಹೊತ್ತುಕೊಂಡು ತಿರುಗುತ್ತಿದ್ದ ಎಂದು ನನಗೆ ಗೊತ್ತಿರಲಿಲ್ಲ.

"ಇಷ್ಟು ಹೇಳೋಕೆ ಬಾಸ್ಕೆಟ್‌ಬಾಲ್ ಬೇಕಿತ್ತಾ?" ಎಂದಳು ಗಗನಾ, ಮೂಗು ಒರೆಸಿಕೊಳ್ಳುತ್ತ. "ಡಾಕ್ಟರ್ ಓಕೆ ಅಂದ್ರೆ ಹೆರಿಗೆ ಆಗಿ ಮೂರನೇ ವಾರಕ್ಕೆ ಬರ್ತೀನಿ. ಮಾವ, ನೀವೂ ಅತ್ತೇನೂ ಪ್ರತಿ ವೀಕೆಂಡ್ ಬರಬೇಕು. ಕರಣ್ ಅಲ್ಲಿಂದ ಕೆಲಸ ಮಾಡ್ತಾನೆ. ನೋ ಬೆಟ್ಸ್."

ಗದಿಗೆಪ್ಪನವರು ಸ್ವಲ್ಪ ಹೊತ್ತು ಮೀಸೆ ಎಳೆದುಕೊಂಡರು. ಅವರಿಗೂ ಕಷ್ಟವಾಗಿತ್ತು, ಅದು ಕಾಣುತ್ತಿತ್ತು. ಬಗ್ಗಿ ಮಣೆಯನ್ನು ಎತ್ತಿ ಬೆಡ್‌ಶೀಟಿನಲ್ಲಿ ಮತ್ತೆ ಸುತ್ತಿದರು. "ತಗೊಂಡು ಹೋಗ್ರಿ ಬೀಗರ. ನಮ್ಮ ನೆಲಾನ ಸಪಾಟ ಐತಿ, ತಪ್ಪು ನಮ್ದ."

ಏಪ್ರಿಲ್ ಎರಡನೇ ವಾರ ಶಿಕಾಗೋದಲ್ಲಿ ಮೊಮ್ಮಗಳು ಹುಟ್ಟಿದಳು, ಮೇ ತಿಂಗಳಿಗೆ ನಮ್ಮ ಮನೆಯಲ್ಲಿದ್ದಳು. ದಿನಾ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಗಗನಾಗೆ ನಾನು ಎಣ್ಣೆನೀರು ಹಾಕುತ್ತಿದ್ದೆ. ಮಣೆ ಒಂದು ದಿನವೂ ಟಕ್ ಎನ್ನಲಿಲ್ಲ. ಕ್ಯಾಲೆಂಡರ್ ಅಡುಗೆಮನೆಯಲ್ಲೇ ಉಳಿಯಿತು, ಆದರೆ ಅದರ ಮೂಲೆಯಲ್ಲಿ ಈಗ ಇವರ ಕಂಪನಿಯಲ್ಲಿ ಪರೀಕ್ಷಿಸಿದ ಗೇಜ್‌ಗಳಿಗೆ ಅಂಟಿಸುವ ಹಸಿರು ಕ್ಯಾಲಿಬ್ರೇಷನ್ ಸ್ಟಿಕ್ಕರ್ ಇದೆ: ನಲವತ್ತು ನಿಮಿಷ ಕೂಡಿಸಿಕೊಳ್ಳುವುದು. ಪರೀಕ್ಷಿಸಿದವರು ಎಂಬಲ್ಲಿ ನನ್ನ ಹೆಸರು ಬರೆದಿದ್ದಾರೆ.

ಒಂದು ಭಾನುವಾರ ಸಂಜೆ ಟಿವಿಯಲ್ಲಿ ಯಾವುದೋ ದೊಡ್ಡ ಆಟದ ಸೆಕೆಂಡ್ ಹಾಫ್, ಸದ್ದಿಲ್ಲದೆ ನಡೆಯುತ್ತಿತ್ತು. ಇವರು ಸೋಫಾದಲ್ಲಿ ಒರಗಿದ್ದರು, ಎದೆಯ ಮೇಲೆ ಮಗು ನಿದ್ದೆ ಮಾಡುತ್ತಿತ್ತು. ಫೋನಿನಲ್ಲಿ ಗದಿಗೆಪ್ಪನವರು ಸ್ಕೋರ್ ಎಷ್ಟೆಂದು ಕೇಳಿದರೆ ಇವರಿಗೆ ಗೊತ್ತಿರಲಿಲ್ಲ. ಆರೂವರೆಗೆ ನಾನು ಮಗುವನ್ನು ಎತ್ತಿಕೊಳ್ಳಲು ಹೋದೆ.

"ಈಗ ಎತ್ತಬೇಡ," ಎಂದು ಪಿಸುಗುಟ್ಟಿದರು. "ರಾಹುಕಾಲ."

"ನಿಮ್ಮ ಸ್ಟಿಕ್ಕರ್ ಪ್ರಕಾರ ಇನ್ನೂ ಶುರುವಾಗಿಲ್ಲ ರೀ."

"ಇವಳು ಹುಟ್ಟಿದ್ದು ಶಿಕಾಗೋದಲ್ಲಿ ಕಣೆ. ಇವಳಿಗೆ ಅಲ್ಲಿನ ರಾಹುಕಾಲ."

ಗಗನಾ ಬಂದು ಹಾಲು ಕುಡಿಸಿ ಮತ್ತೆ ಇವರ ಎದೆಯ ಮೇಲೆಯೇ ಮಲಗಿಸಿ ಹೋದಳು. ಎಂಟು ದಾಟಿದ ಮೇಲೆ ಇನ್ನೊಮ್ಮೆ ಹೋದೆ. "ಶಿಕಾಗೋ ರಾಹುಕಾಲ ಮುಗೀತು. ಕೊಡಿ ಈಗ."

ಇವರು ಕ್ಯಾಲೆಂಡರ್ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ಕೈಯನ್ನು ಮಗುವಿನ ಬೆನ್ನ ಮೇಲೆ ಇನ್ನಷ್ಟು ಸರಿಯಾಗಿ ಇಟ್ಟುಕೊಂಡರು. "ಮುಗೀತು ನಿಜ. ಆದ್ರೆ ಈಗ ಇವಳು ಇರೋದು ಇಲ್ಲಲ್ವಾ? ಇನ್ನೂ ನಲವತ್ತು ನಿಮಿಷ ಇದೆ."

ನಾನು ಪಕ್ಕದಲ್ಲಿ ಕೂತೆ.